ಮೂರನೇ ಹಂತದ ಮಾತು

ಎಳ್ಳು-ಬೆಲ್ಲದ ಪೊಟ್ಟಣ ಕೊಟ್ಟು ಹೊರಟುಬಿಡುತ್ತೇನೆ ಎಂದು ಬಂದ ಮಹಡಿ ಮನೆಯ ಹುಡುಗಿ ಸಂಕ್ರಾಂತಿಯ ಸಂಜೆ ನಮ್ಮ ಜಗಲಿಯಲ್ಲೇ ಕೂತುಬಿಟ್ಟಳು. ಅದಕ್ಕೆ ಕಾರಣ ಮಾಸ್ತರು. ರಾಯಚೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ಈಚೆಗಷ್ಟೇ ನಿವೃತ್ತರಾದವರು, ಮಗನ ಮನೆಗೆಂದು ಬೆಂಗಳೂರಿಗೆ ಬಂದವರು, ಹಬ್ಬದ ದಿನ ಹಳೇ ಸಲುಗೆಯಿಂದ ನಮ್ಮಲ್ಲಿಗೆ ಬಂದಿದ್ದರು. ಹುಡುಗಿ ಪೀಣ್ಯದ ಕಡೆ ಉಪಗ್ರಹಗಳ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್. ಅಷ್ಟು ಕೇಳಿದ್ದೇ ತಡ ಮಾಸ್ತರು, "ನಿಮ್ಮ ರಾಕೆಟ್ ಹಿಂಗ್ಯಾಕ ಮಾಡ್ತವ್ವ?" ಎಂದರು. ಅಲ್ಲಿಗೆ ನಮ್ಮ ಮನೆಯ ಕಾಫಿ ಎರಡು ಸಲ ಆಯಿತು.

ಅವರು ಕೇಳಿದ್ದು 2026ರ ಜನವರಿ 12ರ ಸೋಮವಾರದ ಸಂಗತಿ. ಬೆಳಿಗ್ಗೆ 10 ಗಂಟೆ 18 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಎದ್ದ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿ-ಸಿ62, ಹದಿನಾರು ಉಪಗ್ರಹಗಳನ್ನು ಹೊತ್ತು, ಮೊದಲೆರಡು ಹಂತ ಸಲೀಸಾಗಿ ದಾಟಿ, ಮೂರನೆಯದರ ಕೊನೆಗೆ ಬರುವಾಗ ತನ್ನ ಅಕ್ಷದ ಸುತ್ತಲೇ ಹೊರಳಾಡಿ ದಾರಿ ತಪ್ಪಿತ್ತು. ಅದಕ್ಕೆ ಹಿಂದಿನ ಪಿಎಸ್‌ಎಲ್‌ವಿ, 2025ರ ಮೇ 18ರದ್ದು, ಅದೂ ಮೂರನೇ ಹಂತದಲ್ಲೇ ಸೋತಿತ್ತು. ಇನ್ಯಾವುದೇ ಸರ್ಕಾರಿ ಕಚೇರಿಯ ಬಗ್ಗೆ ಮಾತು ಬಂದರೆ ಅದು ಕೆಟ್ಟಿದೆ ಎಂದು ಮೊದಲೇ ಒಪ್ಪಿಕೊಂಡು ಮಾತಾಡುವ ನಾವು, ಇಸ್ರೋ ಎಂದ ಕೂಡಲೇ ದನಿ ತಗ್ಗಿಸುತ್ತೇವೆ. ಮನೆಯ ಜಾಣ ಮಗ ನಪಾಸಾದ ಹಾಗೆ. ಅವರಿಬ್ಬರು ಆ ಸಂಜೆ ದನಿ ತಗ್ಗಿಸಲಿಲ್ಲ. ನೆನಪಿದ್ದಷ್ಟನ್ನು ಬರೆದಿದ್ದೇನೆ.

ಎಂಜಿನಿಯರ್: ನಮ್ಮ ರಾಕೆಟ್ ಅಲ್ಲ ಸರ್, ನಾವು ಅದರೊಳಗೆ ಕೂರೋ ಸಾಮಾನಿನ ಕಡೆಯವರು. ಆದರೂ ಎದೆ ಧಸಕ್ ಅಂತು. ಆಫೀಸಲ್ಲಿ ಎಲ್ಲರೂ ಪರದೆ ಮುಂದೆ ನಿಂತಿದ್ವಿ. ಅದರಲ್ಲಿ ಎರಡು ಗೆರೆ ಇರುತ್ತೆ, ಹೋಗಬೇಕಾದ ದಾರಿ ಒಂದು, ಹೋಗ್ತಿರೋ ದಾರಿ ಇನ್ನೊಂದು. ಒಂದರ ಮೇಲೊಂದು ಕೂತಿರೋವರೆಗೂ ಚಪ್ಪಾಳೆ. ಕೂದಲೆಳೆಯಷ್ಟು ಬಿಟ್ಟರೂ ನಮ್ಮಂಥವರಿಗೆ ಗೊತ್ತಾಗಿಬಿಡುತ್ತೆ. ನನ್ನ ಪಕ್ಕದಲ್ಲಿದ್ದವನು ಲೋಟ ಕೆಳಗಿಟ್ಟು ಸುಮ್ಮನೆ ತನ್ನ ಸೀಟಿಗೆ ಹೋಗಿ ಕೂತ.

ಮಾಸ್ತರು: ಬಿದ್ರ ಬಿತ್ತು ಬಿಡವ್ವ. ಅರವತ್ತಕ್ಕಿಂತ ಹೆಚ್ಚು ಸಲ ಹಾರ್ಯಾದ ಆ ರಾಕೆಟ್, ಎಷ್ಟು ಸಲ ಬಿದ್ದಾದ ಎಣಿಸು. 1993ರಾಗ ಮೊದಲನೇದು ಬಿತ್ತು. 2017ರಾಗ ಒಮ್ಮೆ ತಲಿ ಮ್ಯಾಲಿನ ಮುಚ್ಚಳಾನೇ ಬಿಚ್ಚಲಿಲ್ಲ, ಉಪಗ್ರಹ ಒಳಗೇ ಉಳೀತು. ಈಗ ಎರಡು. ಒಂದು ಕೈ ಬೆರಳು ಸಾಕು ನೋಡು. ಚಂದ್ರಯಾನ ಒಂದನೇದು ಒಯ್ದದ್ದು ಅದ, ಮಂಗಳಯಾನ ಒಯ್ದದ್ದು ಅದ, ಸೂರ್ಯನ್ನ ನೋಡಾಕ ಆದಿತ್ಯ ಒಯ್ದದ್ದೂ ಅದ. ಒಂದೇ ಸಲಕ್ಕ 104 ಉಪಗ್ರಹ ಬಿಟ್ಟಾಗ ನಾನು ಹುಡುಗರಿಗೆ ಪೇಡಾ ಹಂಚೀನಿ.

ಎಂಜಿನಿಯರ್: ಎಷ್ಟು ಸಲ ಬಿತ್ತು ಅನ್ನೋದಲ್ಲ ಸರ್, ಎಲ್ಲಿ ಬಿತ್ತು ಅನ್ನೋದು. ಮೂರನೇ ಹಂತ ಅಂದ್ರೆ ಏಳು ಟನ್ನಿಗಿಂತ ಹೆಚ್ಚು ಘನ ಇಂಧನ, ಸುತ್ತ ಕೆವ್ಲಾರ್ ನಾರಿನ ಕವಚ. ದೀಪಾವಳಿ ಹೂಕುಂಡದ ಥರ. ಹಚ್ಚೋದು ನಮ್ಮ ಕೈಲಿದೆ, ಆರಿಸೋದು ಇಲ್ಲ. ಒಳಗೆ ಒತ್ತಡ ಒಂದೇ ಹದದಲ್ಲಿರಬೇಕು. ಮೇನಲ್ಲಿ ಆ ಒತ್ತಡ ಇಳೀತು ಅಂತ ಅವರೇ ಹೇಳಿದ್ರು. ಯಾಕೆ ಇಳೀತು? ಸಮಿತಿ ಕೂತಿತು, ವರದಿ ಆಯ್ತು, ಆದರೆ ಅದು ಜನರ ಕೈಗೆ ಬರಲಿಲ್ಲ. ಎಂಟು ತಿಂಗಳಾದ ಮೇಲೆ ಅದೇ ಹಂತದಲ್ಲಿ ಮತ್ತೆ ಪೆಟ್ಟು. ಎರಡೂ ಸಲ ಕಾರಣ ಒಂದೇನಾ, ಬೇರೆಬೇರೇನಾ? ಈಗ ನೀವೂ ನಾನೂ ಊಹೆ ಮಾಡ್ತಾ ಕೂತಿದ್ದೀವಲ್ಲ, ನನ್ನ ತಕರಾರು ಅದು.

ಮಾಸ್ತರು: ನಿನಗ ಧವನ್ ಸಾಹೇಬರ ಕಥಿ ಗೊತ್ತದ ಏನು?

ಆಕೆ ನಕ್ಕಳು. ನಾನೂ ನಕ್ಕೆ. ಭಾಷಣಗಳಲ್ಲಿ ಆ ಕಥೆ ಹೇಳಿದ ಪಾಪ ನನ್ನ ತಲೆಯ ಮೇಲೂ ಇದೆ. 1979ರ ಆಗಸ್ಟ್ 10ರಂದು ಕಲಾಂ ಮುಂದಾಳತ್ವದ ಮೊದಲ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಗೆ ಬಿದ್ದಾಗ, ಇಸ್ರೋ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಕೂತರು. ಮರುವರ್ಷ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಕಲಾಂರನ್ನು ಮುಂದೆ ಕಳಿಸಿದರು. ಶಿಕ್ಷಕರ ದಿನಾಚರಣೆಯಿಂದ ಹಿಡಿದು ಕಂಪನಿಗಳ ತರಬೇತಿ ಶಿಬಿರದವರೆಗೆ ಇದು ಸವೆದು ಸವೆದು ನುಣ್ಣಗಾಗಿದೆ.

ಎಂಜಿನಿಯರ್: ಅದನ್ನ ಎಲ್ಲರೂ ಅರ್ಧ ಹೇಳ್ತೀರಿ ಸರ್. ಸೋಲನ್ನ ತನ್ನ ಮೇಲೆ ಹಾಕ್ಕೊಂಡ ಹಿರಿಯ, ಗೆಲುವನ್ನ ಕೊಟ್ಟುಬಿಟ್ಟ ಹಿರಿಯ, ಅಷ್ಟಕ್ಕೆ ಕೈಮುಗಿದು ಮುಗಿಸ್ತೀರಿ. ಅವರು ಅವತ್ತು ಕೂತಿದ್ದು ಎಲ್ಲಿ? ಪತ್ರಿಕೆಯವರ ಮುಂದೆ. ಆ ರಾಕೆಟ್ ಯಾಕೆ ಬಿತ್ತು ಅಂತ ನಮ್ಮ ಕಾಲೇಜಲ್ಲೂ ಹೇಳಿಕೊಡ್ತಾರೆ: ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟ ಅಂಟಿಕೊಂಡು ದ್ರವ ಸೋರಿಹೋಗಿತ್ತು. ನಾನು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚಿನ ಸೋರಿಕೆ ನನಗೆ ಗೊತ್ತು. ಕಳೆದ ಮೇ ತಿಂಗಳದ್ದು ಗೊತ್ತಿಲ್ಲ.

ಮಾಸ್ತರು ಸ್ವಲ್ಪ ಹೊತ್ತು ಎಳ್ಳಿನಲ್ಲಿದ್ದ ಕೊಬ್ಬರಿ ಚೂರು ಆರಿಸುತ್ತ ಕೂತರು. ಕೊಬ್ಬರಿ ಮೊದಲು, ಬೆಲ್ಲ ಆಮೇಲೆ, ಎಳ್ಳು ಕೊನೆಗೆ. ಹತ್ತು ವರ್ಷದವರ ಕ್ರಮ.

ಮಾಸ್ತರು: ಈಗಿನವರು ಏನೂ ಹೇಳೂದಿಲ್ಲ ಅಂದ್ರ ತಪ್ಪಾಗ್ತದ. 2021ರಾಗ ಜಿಎಸ್‌ಎಲ್‌ವಿ ಬಿದ್ದಾಗ ಹೇಳಿದ್ರು.

ಎಂಜಿನಿಯರ್: ಹೇಳಿದ್ರು, ಒಪ್ಪಿದೆ. ಕ್ರಯೋಜೆನಿಕ್ ಹಂತದ ಹೈಡ್ರೋಜನ್ ಟ್ಯಾಂಕಲ್ಲಿ ಒತ್ತಡ ಸಾಲಲಿಲ್ಲ, ಒಂದು ಕವಾಟದಲ್ಲಿ ಸೋರಿಕೆ ಅಂತ ಬಿಡಿಸಿ ಹೇಳಿದ್ರು. 2022ರಲ್ಲಿ ಮೊದಲ ಎಸ್‌ಎಸ್‌ಎಲ್‌ವಿ ತಪ್ಪಿದಾಗಲೂ ಹೇಳಿದ್ರು: ಹಂತ ಕಳಚೋವಾಗ ಆದ ಅದುರು ನೋಡಿ ರಾಕೆಟ್ಟಿನ ಕಂಪ್ಯೂಟರ್ ಅಳತೆಯ ಉಪಕರಣಗಳೇ ಕೆಟ್ಟಿವೆ ಅಂದ್ಕೊಂಡುಬಿಡ್ತು. ಆಮೇಲೆ ಎರಡು ರಾಕೆಟ್ಟೂ ನೆಟ್ಟಗಾದವು. ಮನುಷ್ಯರನ್ನ ಕಳಿಸೋ ಗಗನಯಾನದ ಪರೀಕ್ಷೆ ದಿನ, 2023ರ ಅಕ್ಟೋಬರಲ್ಲಿ, ಐದು ಸೆಕೆಂಡಿಗೆ ಮೊದಲು ಎಣಿಕೆ ನಿಂತಾಗ ಅಧ್ಯಕ್ಷರು ಕ್ಯಾಮೆರಾ ಮುಂದೆ ಬಂದು 'ನಿಂತಿದೆ, ನೋಡಿ ಹೇಳ್ತೀವಿ' ಅಂದ್ರು, ಅವತ್ತೇ ಬೆಳಿಗ್ಗೆ ಸರಿಮಾಡಿ ಹಾರಿಸಿದ್ರು. ಅಭ್ಯಾಸ ಇದ್ದೇ ಇದೆ. ಇದ್ದ ಅಭ್ಯಾಸ ಈಗ ತಪ್ತಾ ಇದೆಯಲ್ಲ, ಅದಕ್ಕೇ ಹೆದರಿಕೆ. ಅಮೆರಿಕದಲ್ಲಿ 1986ರಲ್ಲಿ ಚಾಲೆಂಜರ್ ನೌಕೆ ಸಿಡಿದಾಗ ವಿಜ್ಞಾನಿ ಫೈನ್‌ಮನ್ ಏನು ಮಾಡಿದ್ರು? ರಬ್ಬರ್ ಉಂಗುರದ ಚೂರನ್ನ ಐಸ್ ನೀರಲ್ಲಿ ಅದ್ದಿ ತೋರಿಸಿದ್ರು. ಬಾಗಿಲು ಹಾಕ್ಕೊಂಡಲ್ಲ, ಕ್ಯಾಮೆರಾಗಳ ಮುಂದೆ.

ಮಾಸ್ತರು: ಅಲ್ಲಿ ಏಳು ಜೀವ ಹೋಗಿದ್ವು. ತೋರಸ್ಲೇಬೇಕಿತ್ತು.

ಎಂಜಿನಿಯರ್: ಇಲ್ಲಿ ಇನ್ನೇನು ಜನ ಕೂತು ಹಾರೋವ್ರಿದ್ದಾರೆ ಸರ್.

ಇಲ್ಲಿ ನಾನು ಬಾಯಿ ಹಾಕಿದೆ. ಚಂದ್ರಯಾನ-2ರ ಕಥೆಯನ್ನು ಅವರಿಬ್ಬರೂ ಯಾಕೆ ಮರೆತರು ಎಂದು ಕೇಳಿದೆ. 2019ರ ಸೆಪ್ಟೆಂಬರ್ 7ರ ಆ ನಡುರಾತ್ರಿ ಈ ಊರಿನ ಅರ್ಧ ಜನ ಎಚ್ಚರವಿದ್ದೆವು. ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ, ಚಂದ್ರನ ಮೇಲೆ ಇಳಿಯಬೇಕಿದ್ದ ವಿಕ್ರಮ್‌ನ ಸುದ್ದಿ ನಿಂತುಹೋದಾಗ ಆದ ಮೌನವನ್ನು ಟಿವಿಯಲ್ಲಿ ಕಂಡಿದ್ದೇವೆ.

ಮಾಸ್ತರು: ಹಾಂ, ಅದನ್ನ ಹೇಳ್ರಿ! ಸೋತು ಕಲತವರ ಕಥಿ ಅಂದ್ರ ಅದು. ಇಳಿಯೂ ಜಾಗ ಮೊದಲ ಅರ್ಧ ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ ಇಟ್ಟಿದ್ರು. ಎರಡನೇ ಸಲ ನಾಕು ಕಿಲೋಮೀಟರ್ ಉದ್ದ, ಎರಡೂವರಿ ಹತ್ರ ಅಗಲ. ಐದು ಎಂಜಿನ್ ಇದ್ದದ್ದು ನಾಕು. ಕಾಲು ಗಟ್ಟಿ ಮಾಡಿದ್ರು, ಎಣ್ಣಿ ಹೆಚ್ಚು ತುಂಬಿದ್ರು. ಚಳ್ಳಕೆರಿ ಹತ್ರ ಉಳ್ಳಾರ್ತಿ ಕಾವಲಿನಾಗ ಚಂದ್ರನ ಗುಂಡಿ ಹ್ಯಾಂಗಿರ್ತಾವ ಹಂಗ ಗುಂಡಿ ತೋಡಿ ಪರೀಕ್ಷೆ ಮಾಡ್ಯಾರ. ಚಿತ್ರದುರ್ಗದ ಬಯಲು ಚಂದ್ರಲೋಕ ಆಗಿತ್ತವ್ವ! 2023ರ ಆಗಸ್ಟ್ 23, ಸಂಜಿ 6 ಗಂಟಿ 4 ನಿಮಿಷ. ನಮ್ಮ ಸಾಲ್ಯಾಗ ಸಂಜಿ ತನಕ ಮಕ್ಕಳನ್ನ ಕೂಡಿಸ್ಕೊಂಡಿದ್ವಿ. ಬೆಳಿಗ್ಗಿ ಒಂಬತ್ತಕ್ಕ ಕರೆದ್ರ ಬರದವರು ಅವತ್ತ ಸಂಜಿ ಬಂದು ಕುಂತಿದ್ರು.

ಎಂಜಿನಿಯರ್: ಅವತ್ತು ನಾನೂ ಅತ್ತಿದ್ದೀನಿ. ಆದರೆ ವಿಕ್ರಮ್ ಯಾಕೆ ಬಿತ್ತು ಅಂತ ಪೂರ್ತಿ ತಿಳಿದದ್ದು ಯಾವಾಗ ಹೇಳಿ? ಎಂಜಿನ್‌ಗಳು ಬೇಕಾದ್ದಕ್ಕಿಂತ ಹೆಚ್ಚು ನೂಕಿದವು, ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು, ಸರಿಮಾಡಿಕೊಳ್ಳೋಕೆ ಜಾಗ ಚಿಕ್ಕದಿತ್ತು ಅಂತ ಆಗಿನ ಅಧ್ಯಕ್ಷ ಸೋಮನಾಥ್ ಅವರು ಬಿಡಿಸಿ ಹೇಳಿದ್ದು 2023ರಲ್ಲಿ, ಮುಂದಿನದು ಹಾರೋ ಹೊತ್ತಿಗೆ. ನಾಲ್ಕು ವರ್ಷ! ಅದು ಬಿಡಿ. ನಾನು ಕೇಳೋದು ಬೇರೆ. ಚಂದ್ರ ಅಂದ್ರೆ ಹಬ್ಬದೂಟ. ಹಬ್ಬದೂಟ ನಾವು ಚೆನ್ನಾಗೇ ಮಾಡ್ತೀವಿ. ದಿನದ ಅನ್ನ-ಸಾರಿನ ಗತಿ ಏನು?

ಮಾಸ್ತರು: ಅಂದ್ರ?

ಎಂಜಿನಿಯರ್: ನಾವಿಕ್. ನಮ್ಮದೇ ಜಿಪಿಎಸ್ ಅಂತ ಹೇಳ್ತಾರಲ್ಲ, ಅದು. 2013ರಿಂದ ಹನ್ನೊಂದು ಉಪಗ್ರಹ ಬಿಟ್ಟಿದ್ದಾರೆ. ಉಪಗ್ರಹದಲ್ಲಿರೋ ಅಣು ಗಡಿಯಾರ ಸೆಕೆಂಡಿನ ಶತಕೋಟಿ ಭಾಗದಷ್ಟು ತಪ್ಪಿದ್ರೂ ನೆಲದ ಮೇಲೆ ನಮ್ಮ ಮನೆ ಒಂದು ಅಡಿಯಷ್ಟು ಆಚೆ ಹೋಗಿ ನಿಲ್ಲುತ್ತೆ. ಹೊರದೇಶದಿಂದ ತಂದ ರುಬಿಡಿಯಂ ಗಡಿಯಾರ ಒಂದಾದ ಮೇಲೊಂದು ನಿಂತವು. ಬದಲಿಗೆ ಕಳಿಸಿದ್ದರಲ್ಲಿ ಒಂದು ಆ 2017ರ ಮುಚ್ಚಳದೊಳಗೇ ಸತ್ತಿತು. 2025ರ ಜನವರಿ 29ರಂದು ಎನ್‌ವಿಎಸ್-02 ಹೋಯ್ತು. ಶ್ರೀಹರಿಕೋಟಾದಿಂದ ನೂರನೇ ಉಡಾವಣೆ, ದೊಡ್ಡ ಸಂಭ್ರಮ. ರಾಕೆಟ್ ತನ್ನ ಕೆಲಸ ಮಾಡ್ತು. ಉಪಗ್ರಹ ತನ್ನ ಎಂಜಿನ್ ಹೊತ್ತಿಸಿಕೊಂಡು ಮೇಲೇರಬೇಕಿತ್ತು, ಕವಾಟ ತೆರೀಲಿಲ್ಲ. ಕಳೆದ ಜುಲೈನಲ್ಲಿ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ ಇದು: ಹನ್ನೊಂದರಲ್ಲಿ ಸ್ಥಾನ ತೋರಿಸೋ ಕೆಲಸ ಮಾಡ್ತಿರೋದು ನಾಲ್ಕು. ನಾವು ಎಲ್ಲಿದ್ದೀವಿ ಅಂತ ಹೇಳೋಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ನಾಲ್ಕಕ್ಕೆ ನಾಲ್ಕು. ಮನೇಲಿ ಅಕ್ಕಿ ನಾಳೆ ಬೆಳಿಗ್ಗೆವರೆಗೆ ಇದೆ ಅನ್ನೋ ಹಾಗೆ.

ಈ ಮಾತಿಗೆ ಮಾಸ್ತರು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಕೊಟ್ಟದ್ದು ಉತ್ತರವೂ ಅಲ್ಲ. ಆದರೆ ಆ ಸಂಜೆಯ ಮಾತಿನಲ್ಲಿ ನನಗೆ ಉಳಿದದ್ದು ಇದೇ.

ಮಾಸ್ತರು: ನಾನು ಐದನೇ ಕ್ಲಾಸ್. 1975, ಆಗಸ್ಟ್ ತಿಂಗಳು. ನಮ್ಮೂರ ಸಾಲಿಗೆ ಒಂದು ಜೀಪ್ ಬಂತು. ಅದರಾಗಿಂದ ಒಂದು ಟಿವಿ ಇಳಿಸಿದ್ರು. ಊರಾಗ ಯಾರೂ ಟಿವಿ ಕಂಡವರಲ್ಲ, ಸಿನಿಮಾ ನೋಡಾಕ ಸಿಂಧನೂರಿಗೆ ಹೋಗಬೇಕಿತ್ತು. ಸಾಲಿ ಮಾಳಗಿ ಮ್ಯಾಲ ಒಂದು ದೊಡ್ಡ ಛತ್ರಿ ಕಟ್ಟಿದ್ರು. ಹತ್ತು ಅಡಿ ಅಗಲ ಇದ್ದೀತು. ಯಾತರಿಂದ ಮಾಡಿದ್ದು ಗೊತ್ತೇನು? ಕೋಳಿ ಗೂಡಿಗೆ ಹಾಕ್ತಾರಲ್ಲ, ಆ ಜಾಳಿಗಿ ತಂತಿ! ಕಾಗಿ ಬಂದು ಕುಂದರ್ತಿದ್ವು. ಕಾಗಿ ಕುಂತ್ರ ಚಿತ್ರ ಹೋಗ್ತದ ಅಂತ ಯಾರೋ ಹೇಳಿದ್ರು, ನಾವು ನಾಕು ಹುಡುಗರು ಪಾಳಿ ಹಚ್ಚಿ ಕಾಗಿ ಹೊಡಿಯಾಕ ನಿಂತಿದ್ವಿ. ಆಮ್ಯಾಲ ವಿಜ್ಞಾನ ಓದಿದಾಗ ತಿಳೀತು, ಕಾಗಿಗೂ ಚಿತ್ರಕ್ಕೂ ಏನೂ ಸಂಬಂಧ ಇರಲಿಲ್ಲ. ಆದ್ರೂ ನನ್ನ ಬಾಹ್ಯಾಕಾಶ ಸೇವಾ ಶುರು ಆದದ್ದು ಅಲ್ಲಿಂದ.

ಎಂಜಿನಿಯರ್: ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದ ಸೈಟ್ ಪ್ರಯೋಗ ಅಲ್ವಾ ಸರ್ ಅದು? ಓದಿದ್ದೀನಿ.

ಮಾಸ್ತರು: ನೀ ಓದೀ, ನಾ ನೋಡೀನಿ. ಆರು ರಾಜ್ಯ, 2400 ಹಳ್ಳಿ. ನಮ್ಮ ರಾಜ್ಯದಾಗ ಗುಲಬರ್ಗಾ, ರಾಯಚೂರು, ಬಿಜಾಪುರ. ಉಪಗ್ರಹ ನಮ್ಮದಲ್ಲ, ಅಮೆರಿಕದವರದು, ಎಟಿಎಸ್-6. ಅವರು ಅದನ್ನ ಆಫ್ರಿಕಾದ ಮ್ಯಾಲ ತಂದು ನಿಲ್ಲಿಸಿ ಒಂದು ವರ್ಷಕ್ಕ ಕಡಾ ಕೊಟ್ಟಿದ್ರು. ನಮಗೂ ಆಂಧ್ರದವರಿಗೂ ಚಿತ್ರ ಒಂದೇ, ದನಿ ಎರಡು. ಅವರಿಗೆ ತೆಲುಗು, ನಮಗ ಕನ್ನಡ. ಬಾಯಿ ಒಂದು ಆಡ್ತಿತ್ತು, ಮಾತು ಒಂದು ಬರ್ತಿತ್ತು. ನಮ್ಮಜ್ಜಿ ಅಂತಿದ್ಲು, ಆಕಾಶದ ಮಂದಿ ಹಂಗೇ ಮಾತಾಡ್ತಾರ ಅಂತ. ಬೆಳಿಗ್ಗಿ ಸಾಲಿ ಮಕ್ಕಳಿಗೆ ಪಾಠ, ಸಂಜಿ ಊರಿಗೆಲ್ಲ ಬ್ಯಾಸಾಯ, ಆರೋಗ್ಯ, ಸುದ್ದಿ. ತುರ್ತು ಪರಿಸ್ಥಿತಿ ಕಾಲ ಅದು, ಸರ್ಕಾರದ ಹಾಡೂ ಅದರಾಗ ಇರ್ತಿತ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಜ್ವಾಳದ ಬೀಜಕ್ಕ ಔಷಧ ಹಚ್ಚೂದು ನಮ್ಮಪ್ಪ ಕಲ್ತದ್ದು ಆ ಟಿವಿ ಮುಂದ ಕುಂತು.

ಎಂಜಿನಿಯರ್: ಆಮೇಲೆ?

ಮಾಸ್ತರು: ಆಮ್ಯಾಲ ಏನು. 1976, ಜುಲೈ 31. ವರ್ಷ ಮುಗೀತು. ಅಮೆರಿಕದವರು ತಮ್ಮ ಉಪಗ್ರಹ ಸರಿಸ್ಕೊಂಡು ಹೋದ್ರು. ಮರುದಿನ ಸಂಜಿನೂ ಊರು ಬಂದು ಕುಂತಿತ್ತವ್ವ. ಹೆಡ್ ಮಾಸ್ತರು ಗುಂಡಿ ಒತ್ತಿದ್ರು. ಪರದಿ ಮ್ಯಾಲ ಬಿಳೇ ಇರುವಿ ಹರಿದಾಡಿದ್ವು. ಮಂದಿ ಅರ್ಧ ತಾಸು ಅದನ್ನೇ ನೋಡಿ ಎದ್ದು ಹೋದ್ರು. ಗುಲಬರ್ಗಾದವರಿಗೆ ಮುಂದಿನ ವರ್ಷ ನೆಲದ ಮ್ಯಾಲಿನ ಟಿವಿ ಕೇಂದ್ರ ಬಂತು, ನಮ್ಮೂರು ದೂರ, ಮುಟ್ಟಲಿಲ್ಲ. ಆ ಜಾಳಿಗಿ ಛತ್ರಿ ಯಾರೋ ಒಯ್ದು ಖರೇನ ಕೋಳಿ ಗೂಡಿಗೆ ಹಾಕಿದ್ರು.

ಮೂವರೂ ನಕ್ಕೆವು. ಮಾಸ್ತರು ಬೇಗ ನಿಲ್ಲಿಸಿದರು.

ಮಾಸ್ತರು: ಅದಕ್ಕ ನಿನ್ನ ನಾವಿಕ್ ಮಾತು ನನಗ ನಾಟ್ತು. ಕೊಟ್ಟು ನಿಲ್ಲಿಸೂದು ಅಂದ್ರ ಏನು ಅಂತ ನನಗ ಗೊತ್ತದ. ಆದ್ರ ಇದೂ ಕೇಳು. ಕಡಾ ತಂದ ಉಪಗ್ರಹ ಹೋದ ಆರೇಳು ವರ್ಷದಾಗ ಇನ್ಸಾಟ್ ತಂದು ನಿಲ್ಲಿಸಿದ್ರಲ್ಲ ಇವರು, ಅದನ್ನ ಹಾಸನದಾಗ ಕುಂತು ನಡಸಿದ್ರಲ್ಲ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್, ಇದೇ ಪೀಣ್ಯದ ಶೆಡ್ಡಿನಾಗ ಆರ್ಯಭಟ ಕಟ್ಟಿದ್ರು, 1975ರಾಗ. ಅದರ ಪ್ರಯೋಗ ನಾಕೈದು ದಿನಕ್ಕೇ ನಿಂತವು, ಕರೆಂಟ್ ಕೈಕೊಟ್ಟಿತ್ತು. ಆಗಿನವರನ್ನ ಇವತ್ತಿನ ತಕ್ಕಡಿಗೆ ಹಾಕಿದ್ರ ಅವರೂ ನಪಾಸೇ. 1999ರಾಗ ಒಡಿಶಾಕ್ಕ ಚಂಡಮಾರುತ ಬಂದು ಸುಮಾರು ಹತ್ತು ಸಾವಿರ ಮಂದಿ ಸತ್ರು. 2013ರಾಗ ಫೈಲಿನ್ ಬಂದಾಗ ಮೊದಲೇ ಲಕ್ಷಗಟ್ಟಲೆ ಮಂದಿನ್ನ ಎಬ್ಬಿಸಿ ಸರಿಸಿದ್ರು, ಸತ್ತವರು ಕೆಲವು ಡಜನ್. ಹವಾಮಾನದವರ ಕೆಲಸ ಅದು, ಒಪ್ಪದ. ಆದ್ರ ಕಣ್ಣು ಯಾರದು?

ಎಂಜಿನಿಯರ್: ಇಲ್ಲ ಅನ್ನಲ್ಲ ಸರ್. ಈಗಲೂ ಒಳ್ಳೇ ಕೆಲಸ ನಿಂತಿಲ್ಲ. ಕಳೆದ ಜುಲೈ 30ರಂದು ನಾಸಾ ಜೊತೆ ಮಾಡಿದ ನಿಸಾರ್ ಹೋಯ್ತು, ಹನ್ನೆರಡು ಮೀಟರಿನ ಆಂಟೆನಾ ಛತ್ರಿ ಆಕಾಶದಲ್ಲಿ ಬಿಚ್ಚಿಕೊಳ್ತು. ನೆಲ ಬೆರಳಗಲ ಕುಸಿದ್ರೂ ಕಾಣುತ್ತೆ, ಮಾಹಿತಿ ಎಲ್ಲರಿಗೂ ಪುಕ್ಕಟೆ. ಬಿಟ್ಟಿದ್ದು ಜಿಎಸ್‌ಎಲ್‌ವಿ, ಹಿಂದೆ ತುಂಟ ಹುಡುಗ ಅಂತ ಬೈಸಿಕೊಂಡಿದ್ದ ಅದೇ ರಾಕೆಟ್. 2025ರ ಜನವರಿ 16ಕ್ಕೆ ಎರಡು ಉಪಗ್ರಹ ಆಕಾಶದಲ್ಲಿ ಕೈ ಹಿಡಿದವು. ಅವನ್ನ ಒಯ್ದ ಪಿಎಸ್‌ಎಲ್‌ವಿಯ ನಾಲ್ಕನೇ ಹಂತ ಸುಮ್ಮನೆ ಸುತ್ತೋ ಬದಲು ಅದರೊಳಗೆ ಅಲಸಂದೆ ಕಾಳು ಮೊಳಕೆ ಒಡೆಸಿದ್ರು. ಇಂಥ ಜಾಣತನ ನಮ್ಮವರಿಗೇ ಹೊಳೆಯೋದು. ಡಿಸೆಂಬರ್‌ನಲ್ಲಿ ಎಲ್‌ವಿಎಂ3 ಆರು ಟನ್ನಿನ ಅಮೆರಿಕದ ಉಪಗ್ರಹ ಎತ್ತಿತು.

ಮಾಸ್ತರು: ಮತ್ತ ಇಷ್ಟೊತ್ತು ಬೈದದ್ದು ಯಾರಿಗೆ?

ಎಂಜಿನಿಯರ್: ಲೆಕ್ಕಕ್ಕೆ. 2025 ಇಡೀ ವರ್ಷ ನಮ್ಮಿಂದ ಎದ್ದದ್ದು ಐದು ರಾಕೆಟ್. ಸ್ಪೇಸ್‌ಎಕ್ಸ್ ಒಂದೇ ಕಂಪನಿ ನೂರೈವತ್ತಕ್ಕೂ ಹೆಚ್ಚು. ಅವರ ದುಡ್ಡಿಗೂ ನಮ್ಮ ಇಲಾಖೆಯ 13 ಸಾವಿರ ಕೋಟಿಗೂ ಹೋಲಿಕೆ ಇಲ್ಲ, ಗೊತ್ತು. ಆದರೆ ಪಿಕ್ಸೆಲ್ ಅಂತ ಬೆಂಗಳೂರಿನದೇ ಕಂಪನಿ, ಅವರ ಮೂರು ಉಪಗ್ರಹ 2025ರ ಜನವರಿಯಲ್ಲಿ ಹಾರಿದ್ದು ಕ್ಯಾಲಿಫೋರ್ನಿಯಾದಿಂದ. ಇಸ್ರೋದ್ದೇ ಜಿಸ್ಯಾಟ್-ಎನ್2, 4700 ಕಿಲೋ, 2024ರಲ್ಲಿ ಹಾರಿದ್ದು ಫ್ಲೋರಿಡಾದಿಂದ. ನಮ್ಮಲ್ಲಿ ಅಗ್ಗ ಅಗ್ಗ ಅಂತ ಕೇಳಿ ಕೇಳಿ ಬೆಳೆದವಳು ನಾನು. ಅಗ್ಗದ ಬಸ್ಸು ವರ್ಷಕ್ಕೆ ಐದು ಸಲ ಬಂದ್ರೆ ಯಾರು ಕಾಯ್ತಾರೆ?

ಮಾಸ್ತರು: ಹಂಗಿದ್ರ ಬಸ್ ಓಡಿಸೂ ಕೆಲಸ ಬ್ಯಾರೆಯವರಿಗೆ ಕೊಟ್ಟು ಇವರು ದಾರಿ ಹುಡುಕೂ ಕೆಲಸ ಮಾಡ್ಲಿ.

ಎಂಜಿನಿಯರ್: ಕೊಡ್ತಾ ಇದ್ದಾರೆ. ಪಿಎಸ್‌ಎಲ್‌ವಿ ಕಟ್ಟೋದು ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಕೂಟಕ್ಕೆ, ಎಸ್‌ಎಸ್‌ಎಲ್‌ವಿ ಎಚ್‌ಎಎಲ್‌ಗೆ. ಆದರೆ ಮೂರನೇ ಹಂತದ ರೋಗ ಏನು ಅಂತ ಹೇಳದೆ ರಾಕೆಟ್ ದಾಟಿಸೋದಾದ್ರೆ ರೋಗವೂ ಜೊತೆಗೇ ಹೋಗುತ್ತೆ ಅಲ್ವಾ?

ಗಗನಯಾನದ ಮಾತು ಬಂದೇ ಬಂತು. ಮಾಸ್ತರು ಅದರ ಬಗ್ಗೆ ಮೃದು. 2018ರ ಕೆಂಪುಕೋಟೆಯ ಭಾಷಣದಲ್ಲಿ 2022ಕ್ಕೆ ಎಂದದ್ದು 2027ಕ್ಕೆ ಬಂದಿದ್ದರೆ ಬರಲಿ, ಮನುಷ್ಯನನ್ನು ಕೂರಿಸುವಾಗ ಅವಸರ ಬೇಡ ಎಂದರು. ಆಕೆಯೂ ಒಪ್ಪಿದಳು. ಹಾಗಾಗಿ ಅದು ಅಲ್ಲಿಗೇ ಮುಗಿಯುತ್ತಿತ್ತು, ಮಾಸ್ತರು ಧಾರವಾಡದ ಮೆಂತ್ಯ ತರದಿದ್ದರೆ.

ಮಾಸ್ತರು: ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕ ಹೋದನಲ್ಲ ಹೋದ ಜೂನ್‌ದಾಗ, ಅವನ ಕೂಡ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೆಂತ್ಯ, ಹೆಸರುಕಾಳು ಹೋಗಿದ್ವು. ಬಾಹ್ಯಾಕಾಶದಾಗ ಮೊಳಕಿ ಬಂದ್ವು. ನಮ್ಮ ಮೆಂತ್ಯ!

ಎಂಜಿನಿಯರ್: ಹಾರೋಕೆ ಮುಂಚೆ ಏನಾಯ್ತು ಅದನ್ನೂ ಹೇಳಿ. ಜೂನ್ 11ಕ್ಕೆ ಹೊರಡಬೇಕಿತ್ತು. ಸ್ಪೇಸ್‌ಎಕ್ಸ್‌ನ ಫಾಲ್ಕನ್ ರಾಕೆಟ್ಟಲ್ಲಿ ದ್ರವ ಆಮ್ಲಜನಕ ಸೋರ್ತಾ ಇತ್ತು. ಅಲ್ಲಿದ್ದ ಇಸ್ರೋ ತಂಡ ಹಟ ಹಿಡೀತು: ಸೋರಿಕೆ ಎಲ್ಲಿ ಅಂತ ತೋರಿಸಿ, ಪೂರ್ತಿ ರಿಪೇರಿ ಮಾಡಿ, ಪರೀಕ್ಷೆ ಮಾಡಿ, ಆಮೇಲೆ ಹಾರಿಸಿ. ಅಧ್ಯಕ್ಷ ನಾರಾಯಣನ್ ಅವರೇ ವಾಪಸ್ ಬಂದು ಹೇಳಿದ್ದಾರೆ. ಹೋದದ್ದು 25ಕ್ಕೆ. ಸರ್, ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ರಾಕೆಟ್ ಹಾರಿಸೋ ಕಂಪನಿ ಎದುರು ನಿಂತು 'ತೋರಿಸಿ' ಅಂದ ಜನ ಇವರು. ಆ ಹಟ ನನಗೆ ಬೇಕು. ಅದನ್ನೇ ಈಗ ನಾವು ಅವರನ್ನ ಕೇಳ್ತಾ ಇರೋದು.

ಮಾಸ್ತರು ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, ಒಳ್ಳೆಯ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಎರಡು ಅಂಕ ಕಳೆಯುವವರ ದನಿಯಲ್ಲಿ, "ಹೇಳಬೇಕಿತ್ತು. ಮೇ ತಿಂಗಳದಾಗೇ ಹೇಳಬೇಕಿತ್ತು" ಎಂದರು. ಬಾಯಿ ತಡೆಯಲಾಗದೆ, "ಹಂಗಂತ ಅವರು ಕೆಟ್ಟಾರ ಅಂತ ನಾ ಅನ್ನೂದಿಲ್ಲ" ಎಂದು ಸೇರಿಸಿದರು. ಆಕೆ, "ನಾನೂ ಅಂದಿಲ್ಲ" ಎಂದಳು. ನನಗೋ, ಇಬ್ಬರೂ ಆರಂಭದಲ್ಲಿ ಎಲ್ಲಿ ನಿಂತಿದ್ದರೋ ಅಲ್ಲಿಂದ ಒಂದು ಹೆಜ್ಜೆ ಸರಿದಿದ್ದಾರೆ ಅನ್ನಿಸಿತು. ಯಾರು ಯಾವ ಕಡೆಗೆ ಎಂದು ಕೇಳಿದರೆ ಹೇಳಲಾರೆ.

ಕತ್ತಲಾಗಿತ್ತು. ಬೀದಿಯಲ್ಲಿ ಯಾರದೋ ಮನೆಯ ಹಸುವಿಗೆ ಕಿಚ್ಚು ಹಾಯಿಸಿದ ಹೊಗೆ ಇನ್ನೂ ಇತ್ತು. ಆಕೆ ಏಳುತ್ತ ಫೋನ್ ತೆಗೆದು ಮಾಸ್ತರ ಮುಂದೆ ಹಿಡಿದಳು. ತಲೆಯ ಮೇಲೆ ಯಾವ ಯಾವ ದೇಶದ ಸ್ಥಾನ ತೋರಿಸುವ ಉಪಗ್ರಹಗಳಿವೆ ಎಂದು ಪಟ್ಟಿ ಕೊಡುವ ಆಪ್ ಅದು. ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಬಾವುಟ. ಜಗಲಿಯಲ್ಲಿ ಸೂರು ಅಡ್ಡ ಬರುತ್ತದೆ ಎಂದು ಮೂವರೂ ಮಹಡಿ ಹತ್ತಿದೆವು. ನೀರಿನ ಟ್ಯಾಂಕಿನ ಪಕ್ಕ ನಿಂತು ಮಾಸ್ತರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಆಕಾಶಕ್ಕೆ ಒಡ್ಡಿದರು. ಅಮೆರಿಕದ ಬಾವುಟ ಸಾಲುಸಾಲಾಗಿ ಬಂತು. ರಷ್ಯಾ, ಚೀನಾ, ಯುರೋಪಿನ ನಕ್ಷತ್ರಗಳು.

"ನಮ್ಮದು ತೆಳಗ ಅವ ಏನು?"

"ಕೆಳಗೆ ಸರಿಸಿ ಸರ್. ಹಾಂ, ಅಲ್ಲಿ."

ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ಮಾಸ್ತರು ಬೆರಳಿಟ್ಟು ಎಣಿಸಿದರು. ಒಂದು. ಎರಡು. ಸ್ವಲ್ಪ ತಡೆದು, ಮೂರು.

"ಕೈ ಅಲ್ಲಾಡಿಸಬೇಡಿ, ಕೆಲವು ಸಲ ತಡವಾಗಿ ಬರುತ್ತೆ" ಎಂದಳು ಆಕೆ.

ಮಾಸ್ತರು ಅಲ್ಲಾಡಲಿಲ್ಲ. ಟ್ಯಾಂಕಿನ ಮೇಲೆ ಒಂದು ಕಾಗೆ ಕೂತಿತ್ತು. ಅವರು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಮತ್ತೆ ಪರದೆಗೆ ಕಣ್ಣು ನೆಟ್ಟರು.